ಕಲಿಯುವ ಕೈಗೆ ಎಂಥ ಕಾರು?

"ಕಲಿಯುವುದಕ್ಕೆ ಹಳೆಯ ಗಾಡಿಯೇ ಸಾಕು, ಗೀಚಿದರೂ ಜಜ್ಜಿದರೂ ಹೋಗುವುದೇನು?" ಎಂಬ ಮಾತನ್ನು ಕೇಳದವರು ನಮ್ಮಲ್ಲಿ ವಿರಳ. ಮನೆಯ ಹಿರಿಯರು ಇದನ್ನು ಹೇಳುವರು, ಗ್ಯಾರೇಜಿನವನು ಹೇಳುವನು, ಗಾಡಿ ಮಾರಿಸುವ ದಳ್ಳಾಳಿಯಂತೂ ಒಂದಕ್ಕೆರಡು ಸಲ ಹೇಳುವನು. ಮೇಲ್ನೋಟಕ್ಕೆ ಇದು ಜಾಣತನದ ಮಾತೇ ಸರಿ. ಅಕ್ಷರ ತಿದ್ದುವ ಮಗುವಿನ ಕೈಗೆ ಮೊದಲು ಹಳೆಯ ಸ್ಲೇಟನ್ನೇ ಕೊಡುವುದು ವಾಡಿಕೆ. ಆದರೆ ಸ್ಲೇಟು ಒಡೆದಾಗ ಒಡೆಯುವುದು ಸ್ಲೇಟು ಮಾತ್ರ. ಕಾರು ಒಡೆದಾಗ ಅದರೊಳಗೆ ಮನುಷ್ಯನು ಕುಳಿತಿರುತ್ತಾನೆ. ಈ ಹಿತವಚನದಲ್ಲಿ ತಗಡಿನ ಲೆಕ್ಕವಿದೆಯೇ ಹೊರತು ಮೈಯ ಲೆಕ್ಕವಿಲ್ಲ. ತಪ್ಪು ಮಾಡುವ ಸಂಭವ ಯಾರಿಗೆ ಎಲ್ಲರಿಗಿಂತ ಹೆಚ್ಚೋ ಅವನಿಗೇ, ತಪ್ಪನ್ನು ಸ್ವಲ್ಪವೂ ಮನ್ನಿಸದ ಗಾಡಿಯನ್ನು ಕೊಡುವುದು ಯಾವ ನ್ಯಾಯ? ಮನೆಯಲ್ಲಿ ಎರಡು ಕಾರುಗಳಿದ್ದು, ಒಂದು ಗಟ್ಟಿ, ಒಂದು ಟೊಳ್ಳು ಎಂದಾದರೆ, ಗಟ್ಟಿಯಾದುದು ಸಲ್ಲಬೇಕಾದುದು ಕಲಿಯುವ ಹುಡುಗನಿಗೆ ಅಥವಾ ಹುಡುಗಿಗೆ. ಮೂವತ್ತು ವರ್ಷ ಗಾಡಿ ಓಡಿಸಿ ಪಳಗಿದ ಚಿಕ್ಕಪ್ಪನಿಗಲ್ಲ ಎಂಬುದು ನನ್ನ ಅಭಿಪ್ರಾಯ.

ಕಾಲೇಜು ವಾರ್ಷಿಕ ಸಂಚಿಕೆಯಲ್ಲಿ ಕಾವ್ಯಮೀಮಾಂಸೆಯ ಪಕ್ಕದಲ್ಲಿ ಕಾರಿನ ಮೀಮಾಂಸೆ ಏತಕ್ಕೆ ಎಂದು ಅಧ್ಯಾಪಕವರ್ಗದವರು ಹುಬ್ಬೇರಿಸಬಹುದು. ಕಾರಣವಿದೆ. ಅಂತಿಮ ವರ್ಷದವರಾದ ನಾವು ಇನ್ನೊಂದೆರಡು ವರ್ಷಗಳಲ್ಲಿ ಎಲ್ಲೆಲ್ಲಿಯೋ ಕೆಲಸಕ್ಕೆ ಸೇರುವೆವು. ಮೊದಲನೆಯ ಸಂಬಳದ ಹಿಂದೆಯೇ ಮನೆಯಲ್ಲಿ "ಒಂದು ಕಾರು" ಎಂಬ ಮಾತು ಏಳುವುದು. ನಮ್ಮಲ್ಲಿ ಅನೇಕರ ಮನೆಗೆ ಅದು ಮೂರು ತಲೆಮಾರಿನಲ್ಲಿ ಮೊದಲನೆಯ ಕಾರು. ಹಾಗಾಗಿ ಅದನ್ನು ಪರೀಕ್ಷಿಸಬಲ್ಲ ಹಿರಿಯರು ಮನೆಯಲ್ಲಿರುವುದಿಲ್ಲ. ನನ್ನ ತಂದೆಯವರನ್ನು ದನಗಳ ಜಾತ್ರೆಯಲ್ಲಿ ಮೋಸಮಾಡಲು ಬಂದವನು ಸೋತು ಹೋಗಬೇಕು. ಅವರು ಹಲ್ಲು ಎಣಿಸಿ ವಯಸ್ಸು ಹೇಳುವರು, ಸುಳಿ ನೋಡುವರು, ಗೊರಸು ಒತ್ತಿ ನೋಡುವರು, ನಾಲ್ಕು ಹೆಜ್ಜೆ ನಡೆಸಿ ನೋಡುವರು, ಆಮೇಲೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವರು. ಇಂಥವರೇ ಕಾರಿನ ಮುಂದೆ ನಿಂತಾಗ ಬಣ್ಣದ ಹೊಳಪನ್ನು ನೋಡಿ ತಲೆಯಾಡಿಸುವರು. ಎತ್ತಿನ ಕೊಂಬಿಗೆ ಬಳಿದ ಬಣ್ಣವನ್ನು ನೋಡಿ ಅವರು ಎಂದಾದರೂ ಹಣ ಎಣಿಸಿದ್ದುಂಟೆ? ಕಾರಿನ ಹಲ್ಲು ಯಾವುದು, ಸುಳಿ ಯಾವುದು ಎಂದು ತಿಳಿಯುವ ಹೊಣೆ ಓದಿದವರೆನಿಸಿಕೊಂಡ ನಮ್ಮ ಮೇಲೆ ಬಿದ್ದಿದೆ.

ಮೊದಲನೆಯದಾಗಿ ಗಾಡಿಯ ಹುಟ್ಟಿದ ವರ್ಷ. ೧೯೮೩ರ ಡಿಸೆಂಬರಿನಲ್ಲಿ ಬಂದ ಮಾರುತಿ ೮೦೦ ಕಾರು ನಮ್ಮ ದೇಶದ ಮಧ್ಯಮವರ್ಗದ ಜನಕ್ಕೆ ಕಾರು ಓಡಿಸುವುದನ್ನು ಕಲಿಸಿತೆಂದರೆ ಅತಿಶಯೋಕ್ತಿಯಲ್ಲ. ಅದರ ಋಣವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ತಯಾರಿಕೆ ೨೦೧೪ರ ಜನವರಿಯಲ್ಲಿ ನಿಂತಿತು. ಇಂದು ಮಾರಾಟಕ್ಕೆ ಬರುವ ಅತ್ಯಂತ ಕಿರಿಯ ೮೦೦ ಕೂಡ ಹತ್ತು ವರ್ಷ ದಾಟಿದ ಮುದುಕ. ವಿಚಿತ್ರವೆಂದರೆ ಅದೇ ೨೦೧೪ರ ಜನವರಿಯಲ್ಲಿಯೇ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯವರು ನಮ್ಮ ದೇಶದಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಘಂಟೆಗೆ ೬೪ ಕಿಲೋಮೀಟರು ವೇಗದಲ್ಲಿ ತಡೆಗೆ ಢಿಕ್ಕಿ ಹೊಡೆಸಿ, ಒಳಗಿನ ಗೊಂಬೆಗಳಿಗೆ ಏನಾಯಿತೆಂಬ ಫಲಿತಾಂಶವನ್ನು ಪ್ರಕಟಿಸಿದರು. ಆಲ್ಟೋ ೮೦೦, ನ್ಯಾನೋ, ಐ೧೦, ಫಿಗೋ, ಪೋಲೋ ಈ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ದೊರೆತ ನಕ್ಷತ್ರಗಳು ಸೊನ್ನೆ. ೬೪ ಕಿಲೋಮೀಟರು ವೇಗದಲ್ಲಿ ಬಡಿಯುವುದೆಂದರೇನು? ಐದು ಅಂತಸ್ತಿನ ಕಟ್ಟಡದ ತಾರಸಿಯಿಂದ, ಅಂದರೆ ಸುಮಾರು ೧೬ ಮೀಟರು ಎತ್ತರದಿಂದ, ನೆಲಕ್ಕೆ ಬೀಳುವುದೆಂದು ಲೆಕ್ಕ ಹಾಕಬಹುದು.

ಆ ಪರೀಕ್ಷೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ನನಗೆ ಸೊನ್ನೆಗಿಂತ ಅದೇ ದೊಡ್ಡ ಪಾಠವೆಂದು ತೋರುತ್ತದೆ. ಸೊನ್ನೆ ಪಡೆದ ಐದರಲ್ಲಿ ಪೋಲೋ ಮತ್ತು ಫಿಗೋ ಕಾರುಗಳ ಮೈಕಟ್ಟು ಢಿಕ್ಕಿಯಲ್ಲಿಯೂ ಕುಸಿಯದೆ ನಿಂತಿತ್ತು. ಅವುಗಳಲ್ಲಿ ಇಲ್ಲದಿದ್ದುದು ಏರ್‌ಬ್ಯಾಗು. ಎರಡು ಏರ್‌ಬ್ಯಾಗುಗಳನ್ನು ಇಟ್ಟಿದ್ದ ಪೋಲೋ ಕಾರನ್ನು ಬೇರೆಯಾಗಿ ಪರೀಕ್ಷಿಸಿದಾಗ ಅದಕ್ಕೆ ನಾಲ್ಕು ನಕ್ಷತ್ರಗಳು ಬಂದುವು. ಉಳಿದ ಮೂರರಲ್ಲಿಯಾದರೋ ಕಟ್ಟೇ ಸಡಿಲ. ಅಂಥದಕ್ಕೆ ಏರ್‌ಬ್ಯಾಗು ತುರುಕಿದರೂ ಹೆಚ್ಚಿನ ಫಲವಿರದೆಂದು ಪರೀಕ್ಷಕರ ಅಭಿಪ್ರಾಯವಾಗಿತ್ತು. ಮನೆಯ ಗೋಡೆ ಬೀಳುವಂತಿದ್ದರೆ ಒಳಗೆ ಹಾಸಿಗೆ ಮೆತ್ತಗಿದ್ದು ಏನು ಪ್ರಯೋಜನ? ಗೋಡೆಯೂ ಬೇಕು, ಹಾಸಿಗೆಯೂ ಬೇಕು. ಕಾರು ಕೊಳ್ಳಲು ಹೋದವನು "ಏರ್‌ಬ್ಯಾಗು ಇದೆಯೆ?" ಎಂದು ಕೇಳಿ ಸುಮ್ಮನಾಗದೆ, "ಕಟ್ಟು ನಿಂತೀತೆ?" ಎಂದೂ ಕೇಳತಕ್ಕದ್ದು.

ಇದಾದ ಮೇಲೆ ಸರ್ಕಾರವೂ ಎಚ್ಚತ್ತಿತು. ಎದುರು ಢಿಕ್ಕಿಯ ಪರೀಕ್ಷೆಯನ್ನು ೨೦೧೭ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೂ, ೨೦೧೯ರ ಅಕ್ಟೋಬರಿನಿಂದ ಎಲ್ಲ ಕಾರುಗಳಿಗೂ ಕಡ್ಡಾಯಮಾಡಲಾಯಿತು. ೨೦೧೯ರ ಏಪ್ರಿಲ್‌ನಿಂದ ಎ.ಬಿ.ಎಸ್. ಬ್ರೇಕು, ಅದೇ ವರ್ಷದ ಜುಲೈನಿಂದ ಚಾಲಕನ ಏರ್‌ಬ್ಯಾಗು, ಬೆಲ್ಟು ಹಾಕೆಂದು ಕೂಗುವ ಗಂಟೆ, ವೇಗ ಮೀರಿದರೆ ಎಚ್ಚರಿಸುವ ಗಂಟೆ ಇವೆಲ್ಲ ಬಂದುವು. ಚಾಲಕನ ಪಕ್ಕದವನಿಗೂ ಪ್ರಾಣವಿದೆಯೆಂಬುದು ಕಾನೂನಿಗೆ ಹೊಳೆದುದು ಇನ್ನೂ ತಡವಾಗಿ. ೨೦೨೧ರ ಕೊನೆಯ ದಿನದಿಂದ ಮುಂದಿನ ಎರಡು ಆಸನಗಳಿಗೂ ಏರ್‌ಬ್ಯಾಗು ಕಡ್ಡಾಯವಾಯಿತು. ಆದಕಾರಣ ಹಳೆಯ ಕಾರುಗಳ ಸಂತೆಯಲ್ಲಿ ನಿಂತವನಿಗೆ ಎರಡು ಗೆರೆಗಳು ನೆನಪಿದ್ದರೆ ಅರ್ಧ ಕೆಲಸ ಮುಗಿಯಿತು. ೨೦೧೯ರ ನಡುಭಾಗಕ್ಕಿಂತ ಹಿಂದೆ ತಯಾರಾದುದು ಕಲಿಯುವವನಿಗೆ ಬೇಡ. ೨೦೨೨ ಅಥವಾ ಆಮೇಲಿನದು ಸಿಕ್ಕಿದರೆ ಉತ್ತಮ. ಮಾರುವವನ ಬಾಯಿಮಾತನ್ನು ನಂಬಬೇಕಾಗಿಲ್ಲ. ತಯಾರಾದ ತಿಂಗಳು ಮತ್ತು ವರ್ಷ ನೋಂದಣಿ ಪತ್ರದಲ್ಲಿಯೇ ಇರುತ್ತದೆ. ಇದೇ ಕಾರಿನ ಹಲ್ಲು.

ಎ.ಬಿ.ಎಸ್. ವಿಷಯದಲ್ಲಿ ಒಂದು ಮಾತು. ಗಾಬರಿಯಾದ ಹೊಸಬನು ಮಾಡುವುದೇನು? ಬ್ರೇಕಿನ ಮೇಲೆ ಪೂರ್ತಿ ಏರಿ ನಿಲ್ಲುವನು. ಹಳೆಯ ಕಾರಿನಲ್ಲಿ ಗಾಲಿಗಳು ತಟಸ್ಥವಾಗಿ, ಗಾಡಿ ಜಾರತೊಡಗಿ, ಸ್ಟೀರಿಂಗನ್ನು ಎಷ್ಟು ತಿರುವಿದರೂ ನೇರವಾಗಿ ಹೋಗಿ ಬಡಿಯುವುದು. ಎ.ಬಿ.ಎಸ್. ಇದ್ದರೆ ಬ್ರೇಕು ಕ್ಷಣಕ್ಷಣಕ್ಕೂ ಹಿಡಿದು ಬಿಟ್ಟು ಗಾಲಿಯನ್ನು ಉರುಳಿಸುತ್ತಲೇ ಇರುವುದರಿಂದ, ಅಡ್ಡ ಬಂದ ಎಮ್ಮೆಯನ್ನು ಬಳಸಿಕೊಂಡು ಹೋಗಲು ಸಾಧ್ಯವಾಗುತ್ತದೆ. ಜಲ್ಲಿಕಲ್ಲಿನ ಸಡಿಲು ರಸ್ತೆಯಲ್ಲಿ ಇದರಿಂದ ಗಾಡಿ ನಿಲ್ಲುವ ದೂರ ಸ್ವಲ್ಪ ಹೆಚ್ಚಾಗುವುದೂ ಉಂಟು. ನಮ್ಮ ಹಳ್ಳಿಗಳ ರಸ್ತೆಗಳನ್ನು ಬಲ್ಲವರು ಇದನ್ನು ಮನಸ್ಸಿನಲ್ಲಿಡಬೇಕು. ಪಳಗಿದವನಾದರೋ ಬ್ರೇಕನ್ನು ಅಳೆದು ಒತ್ತುವನು. ಅವನಿಗೆ ಈ ಉಪಕರಣವಿಲ್ಲದಿದ್ದರೂ ಹೇಗೋ ನಡೆದೀತು.

ಇನ್ನು ನಕ್ಷತ್ರಗಳ ವಿಚಾರ. ೨೦೧೮ರ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರಗಳನ್ನು ಪಡೆದು ನಮ್ಮ ದೇಶದ ಕಾರುಗಳಲ್ಲಿ ಮೊದಲನೆಯದಾಯಿತು. ೨೦೨೦ರ ಜನವರಿಯಲ್ಲಿ ಆಲ್ಟ್ರೋಜ್ ಕಾರಿಗೆ ಐದು, ಟಿಯಾಗೋ ಕಾರಿಗೆ ನಾಲ್ಕು; ೨೦೨೧ರಲ್ಲಿ ಪಂಚ್ ಕಾರಿಗೆ ಐದು. ಅದೇ ಕಾಲದಲ್ಲಿ ೨೦೨೦ರಲ್ಲಿ ಪರೀಕ್ಷೆಯಾದ ಎಸ್-ಪ್ರೆಸ್ಸೋಗೆ ಸೊನ್ನೆ. ೨೦೨೩ರಲ್ಲಿ ಪರೀಕ್ಷೆಯಾದ ವ್ಯಾಗನ್-ಆರ್‌ಗೆ ಒಂದು, ಆಲ್ಟೋ ಕೆ೧೦ಕ್ಕೆ ಎರಡು. ೨೦೨೪ರಲ್ಲಿ ಹೊಸ ಡಿಜೈರ್ ಐದನ್ನು ಗಳಿಸಿತು. ಆದುದರಿಂದ ಇದು ಒಂದು ಕಂಪೆನಿಯ ಜಾತಕವಲ್ಲ, ಒಂದೊಂದು ಮಾದರಿಯ ಜಾತಕ. ೨೦೨೩ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷೆಯೂ ನಡೆಯುತ್ತಿದೆ. ಪರೀಕ್ಷೆಯ ನಿಯಮಗಳು ೨೦೨೨ರಲ್ಲಿ ಬಿಗಿಯಾದುವು. ಹಿಂದಿನ ನಾಲ್ಕಕ್ಕೂ ಈಚಿನ ನಾಲ್ಕಕ್ಕೂ ಒಂದೇ ತೂಕವಲ್ಲ. ನಮ್ಮ ಹಳೆಯ ಪಠ್ಯಕ್ರಮದ ಪ್ರಥಮ ದರ್ಜೆಗೂ ಹೊಸ ಪಠ್ಯಕ್ರಮದ ಪ್ರಥಮ ದರ್ಜೆಗೂ ಅಂತರವಿರುವಂತೆಯೇ ಇದು! ಆದರೂ ಸೊನ್ನೆ ಸೊನ್ನೆಯೇ.

ಇಲ್ಲಿಗೆ ಹಣದ ಪ್ರಶ್ನೆ ಬಂದೇ ಬರುವುದು. ನಾಲ್ಕು ಲಕ್ಷ ರೂಪಾಯಿ ಸಾಲವನ್ನು ನೂರಕ್ಕೆ ಹತ್ತರ ಬಡ್ಡಿಯಲ್ಲಿ ಐದು ವರ್ಷಕ್ಕೆ ತೆಗೆದರೆ ತಿಂಗಳಿಗೆ ಸುಮಾರು ೮,೫೦೦ ರೂಪಾಯಿ ಕಂತು. ಮುಗಿಯುವ ಹೊತ್ತಿಗೆ ಬಡ್ಡಿಯೇ ಒಂದು ಲಕ್ಷ ಹತ್ತು ಸಾವಿರದಷ್ಟಾಗಿರುತ್ತದೆ. ತಿಂಗಳಿಗೆ ೫೦೦ ಕಿಲೋಮೀಟರು ಓಡಿಸಿದರೆ, ಲೀಟರಿಗೆ ನೂರು ರೂಪಾಯಿಯ ಲೆಕ್ಕದಲ್ಲಿ, ಪೆಟ್ರೋಲಿಗೆ ಹತ್ತಿರ ಹತ್ತಿರ ೨,೮೦೦. ವಿಮೆ, ಟೈರು, ರಿಪೇರಿ ಬೇರೆ. ಹೊಸ ಕಾರಿಗೆ ನಮ್ಮ ರಾಜ್ಯದ ಆಜೀವ ತೆರಿಗೆಯೂ ಸಣ್ಣದಲ್ಲ. ಐದು ಲಕ್ಷದೊಳಗಿನ ಕಾರಿಗೂ ನೂರಕ್ಕೆ ಹದಿಮೂರರಂತೆ ತೆರಬೇಕು, ಮೇಲೆ ಸೆಸ್ಸು. ೨೦೨೫ರ ಸೆಪ್ಟೆಂಬರ್ ೨೨ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ. ೨೮ರಿಂದ ೧೮ಕ್ಕೆ ಇಳಿದುದು ಸ್ವಲ್ಪ ಉಸಿರಾಡಲು ಅವಕಾಶಕೊಟ್ಟಿದೆಯಾದರೂ, ಮೊದಲನೆಯ ಸಂಬಳದವನಿಗೆ ಹೊಸ ಕಾರು ಭಾರವೇ. ಆದ್ದರಿಂದ ಮೂರು ನಾಲ್ಕು ವರ್ಷ ಓಡಿದ, ಒಬ್ಬನೇ ಒಡೆಯನ ಕೈಯಲ್ಲಿದ್ದ, ನಾಲ್ಕು ನಕ್ಷತ್ರದ ಸಣ್ಣ ಕಾರನ್ನು ಕೊಳ್ಳುವುದು ಲೇಸೆಂದು ನನ್ನ ಎಣಿಕೆ. ಅದರ ತೆರಿಗೆಯನ್ನು ಮೊದಲಿನವನು ಕಟ್ಟಿಯಾಗಿದೆ. ಬೆಲೆ ಕುಸಿಯುವ ಮೊದಲ ಏಟನ್ನೂ ಅವನೇ ತಿಂದಿದ್ದಾನೆ. ತಾರಸಿ ತೆರೆಯುವ ಕಿಟಕಿ, ಸಿನೆಮಾ ತೋರಿಸುವ ಪರದೆ, ಹೊಳೆಯುವ ಗಾಲಿ ಇವುಗಳಿಗೆ ಕೊಡುವ ಹಣವನ್ನು ಉಳಿಸಿ, ಗಾಡಿಯ ವಯಸ್ಸನ್ನು ಎರಡು ವರ್ಷ ಕಡಿಮೆಮಾಡಿಕೊಳ್ಳುವುದೇ ನಿಜವಾದ ಮಿತವ್ಯಯ. ಒಂದೂವರೆ ಲಕ್ಷ ಮಾತ್ರ ಕೈಯಲ್ಲಿದ್ದರೆ? ಇನ್ನೊಂದು ವರ್ಷ ಬಸ್ಸು ಹತ್ತುವುದು. ೨೦೨೩ರ ಜೂನಿನಿಂದ ನಮ್ಮ ಸಹೋದರಿಯರಿಗಂತೂ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವೂ ಉಳಿಯುತ್ತಿದೆ.

ನನ್ನ ಸಹಪಾಠಿಯೊಬ್ಬನು ಇದಕ್ಕೆ ಒಡ್ಡಿದ ಆಕ್ಷೇಪಣೆ ತೂಕವುಳ್ಳದ್ದು. "ನೀನು ಜರಿಯುವ ಆ ಹಳೆಯ ೮೦೦, ಗಂಡ ಹೆಂಡತಿ ಎರಡು ಮಕ್ಕಳು ಒಂದೇ ಮೋಟಾರು ಸೈಕಲಿನ ಮೇಲೆ ಹೋಗುವುದಕ್ಕಿಂತ ವಾಸಿಯಲ್ಲವೆ?" ಎಂದು ಅವನು ಕೇಳುತ್ತಾನೆ. ವಾಸಿಯೇ. ೨೦೨೨ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು ೧,೬೮,೪೯೧ ಮಂದಿಯೆಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ಅವರಲ್ಲಿ ನೂರಕ್ಕೆ ೪೪ಕ್ಕೂ ಮಿಕ್ಕು ಜನ ದ್ವಿಚಕ್ರದವರು. ಸ್ಕೂಟರಿನ ಮೇಲೆ ಮಳೆಯಲ್ಲಿ ನೆನೆಯುವ ಸಂಸಾರವನ್ನು ಕಂಡೇ ರತನ್ ಟಾಟಾ ಅವರಿಗೆ ನ್ಯಾನೋ ಕಾರಿನ ಯೋಚನೆ ಹುಟ್ಟಿತಂತೆ. ಆ ಕರುಣೆಯನ್ನು ನಾನು ಹಗುರವಾಗಿ ಕಾಣಲಾರೆ. ಅಂಥ ಸಂಸಾರದ ತಂದೆ ಹಳೆಯ ಕಾರನ್ನು ಕೊಂಡು, ಎಲ್ಲರಿಗೂ ಬೆಲ್ಟು ಕಟ್ಟಿಸಿ, ನಿಧಾನವಾಗಿ ಊರೊಳಗೆ ಓಡಿಸಿದರೆ ನಾನು ಎದುರಾಡುವುದಿಲ್ಲ. ನನ್ನ ತಕರಾರಿರುವುದು ಬೇರೆಯವರೊಡನೆ: ಕೈಯಲ್ಲಿ ಮೂರು ನಾಲ್ಕು ಲಕ್ಷವಿದ್ದೂ, ಮಗನೋ ಮಗಳೋ ಕಲಿಯುವ ತನಕ ಒಂದು ಮುದಿ ಗಾಡಿ ಸಾಕೆಂದು, ಉಳಿದ ಹಣವನ್ನು "ಆಮೇಲೆ ಕೊಳ್ಳುವ ಒಳ್ಳೆಯ ಕಾರಿಗೆ" ಕೂಡಿಡುವವರೊಡನೆ. ನಿಧಾನವಾಗಿ ಹೋದರಾಯಿತು ಎನ್ನುವರು. ೪೦ ಕಿಲೋಮೀಟರು ವೇಗದ ಢಿಕ್ಕಿಯೂ ಆರು ಮೀಟರು, ಅಂದರೆ ಎರಡು ಅಂತಸ್ತು, ಎತ್ತರದಿಂದ ಬಿದ್ದಂತೆಯೇ. ಮೇಲಾಗಿ ಎದುರಿನಿಂದ ಬರುವ ಲಾರಿಯ ವೇಗವನ್ನು ನಮ್ಮ ನಿಧಾನವು ಕಡಿಮೆಮಾಡಲಾರದು.

ಗೀಚುವ, ಜಜ್ಜುವ ಪರ್ವಕ್ಕೆ ನಮ್ಮಲ್ಲಿ ಬೇರೊಂದು ಸ್ಥಳವಿದೆ: ಡ್ರೈವಿಂಗ್ ಶಾಲೆ. ಅಲ್ಲಿಯ ಕಾರಿನಲ್ಲಿ ಕಲಿಸುವವನ ಕಾಲಿಗೂ ಒಂದು ಬ್ರೇಕು ಇರುತ್ತದೆ. ಅವನ ಗಾಡಿಯಲ್ಲಿ ಕ್ಲಚ್ಚು ಸುಡಲಿ, ಕಂಬಕ್ಕೆ ಒರಗಲಿ; ಆ ನಷ್ಟ ಅವನ ಶುಲ್ಕದಲ್ಲಿಯೇ ಸೇರಿದೆ. ಕಲಿಕೆಯ ಲೈಸೆನ್ಸು ಆರು ತಿಂಗಳು ನಡೆಯುವುದು. ಮೂವತ್ತು ದಿನ ಕಳೆದ ಮೇಲೆಯೇ ಪಕ್ಕಾ ಲೈಸೆನ್ಸಿನ ಪರೀಕ್ಷೆ. ಅಷ್ಟರವರೆಗೆ ಕೆಂಪು ಎಲ್ ಅಕ್ಷರವನ್ನು ಹಿಂದೆ ಮುಂದೆ ಹಚ್ಚಿ, ಲೈಸೆನ್ಸುಳ್ಳವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಬೇಕೆಂದು ನಿಯಮ. ನಮ್ಮೂರುಗಳಲ್ಲಿ ಹದಿನಾರರ ಹುಡುಗರು ಮದುವೆಯ ದಿಬ್ಬಣಕ್ಕೆ ಕಾರು ತರುವುದನ್ನು ಹೆಮ್ಮೆಯಿಂದ ನೋಡುವ ತಂದೆಗಳು, ೨೦೧೯ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಕನು ಅಪರಾಧವೆಸಗಿದರೆ ಪೋಷಕನಿಗೇ ಮೂರು ವರ್ಷದವರೆಗೆ ಸೆರೆವಾಸ, ೨೫,೦೦೦ ರೂಪಾಯಿ ದಂಡ ಎಂಬುದನ್ನು ಯಾರಿಂದಲಾದರೂ ಓದಿಸಿ ಕೇಳಿದರೆ ಒಳ್ಳೆಯದು.

ಕೊಳ್ಳುವ ದಿನ ನೋಡಬೇಕಾದುವು ಬಹಳವೇನಿಲ್ಲ. ಕೀಲಿ ತಿರುವಿದೊಡನೆ ಏರ್‌ಬ್ಯಾಗಿನ ದೀಪ ಒಮ್ಮೆ ಹತ್ತಿ ಆರಬೇಕು. ಹತ್ತಿಯೇ ಇದ್ದರೆ ದೋಷವಿದೆ. ಹತ್ತಲೇ ಇಲ್ಲವಾದರೆ ಇನ್ನೂ ಸಂಶಯಕ್ಕೆ ಎಡೆ, ಒಮ್ಮೆ ಸಿಡಿದ ಏರ್‌ಬ್ಯಾಗಿಗೆ ಬದಲು ಹಾಕದೆ ದೀಪವನ್ನೇ ಕಿತ್ತಿರಬಹುದು. ಬಾಗಿಲಿನ ಚೌಕಟ್ಟಿನ ರಬ್ಬರನ್ನು ಎತ್ತಿ ನೋಡಿದರೆ, ಕಾರ್ಖಾನೆಯ ಬೆಸುಗೆಯ ಸಾಲು ಸಮವಾದ ಚುಕ್ಕಿಗಳಂತೆ ಕಾಣುವುದು, ಕೈಬೆಸುಗೆ ಅಡ್ಡಾದಿಡ್ಡಿ. ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಬೇಕು. ಒಳತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಆ ಕಾರು ನೆರೆಯಲ್ಲಿ ಮುಳುಗೆದ್ದದ್ದು. ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ನೀರಿನೊಳಗೆ ನಿಂತಿದ್ದ ಕಾರುಗಳನ್ನು ಎಲ್ಲರೂ ಕಂಡಿದ್ದೇವೆ. ಒಣಗಿಸಿ ಬಣ್ಣ ಹಚ್ಚಿದ ಗಾಡಿ ದೂರದ ಊರಿಗೆ ಅಗ್ಗವಾಗಿ ಬರಬಹುದು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕೆಗಳಿರುತ್ತವೆ: ೨೩೧೯ ಎಂದಿದ್ದರೆ ೨೦೧೯ರ ಇಪ್ಪತ್ತಮೂರನೆಯ ವಾರದಲ್ಲಿ ಹುಟ್ಟಿದ ಟೈರು. ಮೇಸ್ತ್ರಿಯನ್ನು ನಾವೇ ಕರೆದೊಯ್ಯಬೇಕು. ಮಾರುವವನು ತೋರಿಸುವ ಮೇಸ್ತ್ರಿ ಜಾತ್ರೆಯ ದಳ್ಳಾಳಿಯ ಭಾವಮೈದುನನಿದ್ದಂತೆ. ಹಣ ಕೊಟ್ಟಮೇಲೆ ನೋಂದಣಿಯಲ್ಲಿಯೂ ವಿಮೆಯಲ್ಲಿಯೂ ಹೆಸರು ಬದಲಾಯಿಸದೆ ವರ್ಷಗಟ್ಟಲೆ ಓಡಿಸುವ ಸೋಮಾರಿತನ ನಮ್ಮಲ್ಲಿ ಹೇರಳ. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೋಂದಣಿಯಲ್ಲಿ ಹೆಸರಿದ್ದವನೇ ಪರಿಹಾರಕ್ಕೆ ಹೊಣೆಯೆಂದು ತೀರ್ಪಿತ್ತಿತು; ಇದು ಮಾರುವವನಿಗೆ ಇನ್ನೂ ಹೆಚ್ಚು ಭಯದ ವಿಷಯ.

ಇಷ್ಟೆಲ್ಲ ನೋಡಿ ಒಳ್ಳೆಯ ಕಾರನ್ನೇ ಮನೆಗೆ ತಂದು, ಆಯುಧಪೂಜೆಯ ದಿನ ಗಾಲಿಗೆ ನಿಂಬೆಹಣ್ಣು ಇಟ್ಟು, ಮರುದಿನವೇ ಅದನ್ನು ಕೆಡಿಸಲು ತೊಡಗುವುದೂ ಉಂಟು. ಮುಂಭಾಗಕ್ಕೆ ಕಬ್ಬಿಣದ ದಪ್ಪ ಕಂಬಿ ಜಡಿಸುವರು. ಢಿಕ್ಕಿಯ ಬಲವನ್ನು ಮಡಚಿಕೊಂಡು ನುಂಗಬೇಕಾದ ಮೂತಿಯನ್ನು ಅದು ಮಡಚಗೊಡುವುದಿಲ್ಲ, ಎದುರಾದ ಪಾದಚಾರಿಯ ಮೂಳೆಯನ್ನಂತೂ ಪುಡಿಮಾಡುವುದು. ೨೦೧೭ರಲ್ಲಿಯೇ ಕೇಂದ್ರ ಸಾರಿಗೆ ಇಲಾಖೆ ಇದರ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆದಿದೆ. ಪಕ್ಕದವನ ಏರ್‌ಬ್ಯಾಗಿನ ಮುಚ್ಚಳದ ಮೇಲೆ ಗಣಪತಿಯ ಲೋಹದ ವಿಗ್ರಹವನ್ನು ಅಂಟಿಸುವರು. ಚೀಲ ಸಿಡಿದ ಕ್ಷಣದಲ್ಲಿ ವಿಘ್ನೇಶ್ವರನು ಕುಳಿತವನ ಮುಖಕ್ಕೇ ಬರುವನು. ದೇವರನ್ನು ಸ್ವಲ್ಪ ಪಕ್ಕಕ್ಕೆ ಕೂರಿಸಿದರೆ ಅವನೇನೂ ಮುನಿಯಲಾರ. ಬೆಲ್ಟಿನ ಗಂಟೆಯ ಬಾಯಿ ಮುಚ್ಚಿಸಲು ಬರಿಯ ಲೋಹದ ನಾಲಗೆಯನ್ನು ಸಿಕ್ಕಿಸುವ ಜಾಣರಿದ್ದಾರೆ. ೨೦೨೩ರಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರವು ಅವುಗಳನ್ನು ಮಾರುತ್ತಿದ್ದ ಐದು ಜಾಲತಾಣಗಳಿಗೆ ಮಾರಾಟ ನಿಲ್ಲಿಸುವಂತೆ ಆಜ್ಞೆಮಾಡಬೇಕಾಯಿತು. ೧೯೫೯ರಲ್ಲಿ ವೋಲ್ವೋ ಕಂಪೆನಿಯ ನಿಲ್ಸ್ ಬೋಲಿನ್ ಎಂಬ ಎಂಜಿನಿಯರು ಹೆಗಲಿಗೂ ಸೊಂಟಕ್ಕೂ ಒಟ್ಟಿಗೆ ಕಟ್ಟುವ ಬೆಲ್ಟನ್ನು ರೂಪಿಸಿದಾಗ, ಆ ಕಂಪೆನಿಯವರು ಅದನ್ನು ಎಲ್ಲರೂ ಬಳಸಬಹುದೆಂದು ಬಿಟ್ಟುಕೊಟ್ಟರು. ಪುಕ್ಕಟೆಯಾಗಿ ಬಂದುದನ್ನು ಹಣ ಕೊಟ್ಟು ಬೇಡವೆನ್ನುವುದು ನಮ್ಮ ವೈಶಿಷ್ಟ್ಯ! ಬೆಲ್ಟಿಲ್ಲದವನಿಗೆ ಏರ್‌ಬ್ಯಾಗು ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು. ೨೦೨೨ರಲ್ಲಿ ಪಾಲ್ಘರ್ ಬಳಿ ಸೈರಸ್ ಮಿಸ್ತ್ರಿಯವರು ಮೃತರಾದುದು ಬಹು ಬೆಲೆಯ ಕಾರಿನ ಹಿಂದಿನ ಆಸನದಲ್ಲಿ, ಬೆಲ್ಟು ಹಾಕದೆ ಕುಳಿತಿದ್ದಾಗ.

ನಮ್ಮ ವಿದ್ಯಾರ್ಥಿ ಸಂಘದವರು ಪ್ರತಿವರ್ಷವೂ ಕತ್ತಿ ಹರಿತವೋ ಲೇಖನಿ ಹರಿತವೋ ಎಂಬ ಚರ್ಚೆಯನ್ನು ಏರ್ಪಡಿಸುತ್ತ ಬಂದಿದ್ದಾರೆ. ಅದು ನಡೆಯಲಿ, ಬಹುಮಾನವನ್ನು ಯಾರಾದರೂ ಗೆಲ್ಲಲಿ. ಅದರೊಡನೆ ಒಂದು ಶನಿವಾರ ಮಧ್ಯಾಹ್ನ ಪೇಟೆಯ ಒಬ್ಬ ಅನುಭವಸ್ಥ ಮೇಸ್ತ್ರಿಯನ್ನೂ ಸಾರಿಗೆ ಕಚೇರಿಯ ಒಬ್ಬ ಇನ್‌ಸ್ಪೆಕ್ಟರನ್ನೂ ಕರೆಸಿ, ಯಾವುದಾದರೂ ಅಪಘಾತವಾಗಿ ರಿಪೇರಿಗೊಂಡ ಕಾರನ್ನು ಕಾಲೇಜಿನ ಅಂಗಳದಲ್ಲಿ ನಿಲ್ಲಿಸಿ, ಬೆಸುಗೆ ಎಲ್ಲಿದೆ, ದೀಪ ಹತ್ತುವುದೋ ಇಲ್ಲವೋ, ಟೈರಿನ ಅಂಕೆ ಯಾವುದು ಎಂದು ನಮ್ಮ ಕೈಯಲ್ಲಿಯೇ ಹುಡುಕಿಸಿದರೆ, ಪ್ರಿನ್ಸಿಪಾಲರು ಬೇಡವೆನ್ನಲಾರರೆಂದು ನಂಬಿದ್ದೇನೆ. ಆ ದಿನ ತಂದೆತಾಯಿಗಳನ್ನೂ ಕರೆದರೆ ನನ್ನ ತಂದೆಯವರು ಖಂಡಿತ ಬರುವರು; ಗೊರಸು ಒತ್ತಿ ನೋಡುವ ಕೈ ಟೈರನ್ನು ಒತ್ತಿ ನೋಡಲು ಎಷ್ಟು ಹೊತ್ತು ಬೇಕು?